ಫಿಲ್ಟರ್ ಪುಡಿ ಬೇಡ, ತರಿ ಪುಡಿ ಹಾಕಿ

ಕೋಲ್ಡ್ ಬ್ರೂಗೆ, ಅಂದರೆ ತಣ್ಣೀರಲ್ಲೇ ಪುಡಿ ನೆನೆಸಿ ಮಾಡೋ ಕಾಫಿಗೆ, ಮನೆಯ ಫಿಲ್ಟರ್ ಕಾಫಿಪುಡಿಯನ್ನೇ 24 ಗಂಟೆ ಫ್ರಿಜ್‌ನ ಹೊರಗೆ ನೆನೆಸಿ ಅಂತ ನಿಮ್ಮ ರೆಸಿಪಿಯಲ್ಲಿ ಬರೆದಿದ್ದೀರಿ. ದಯವಿಟ್ಟು ತಿದ್ದಿ. ಆ ನುಣುಪು ಪುಡಿ ಬಟ್ಟೆಯ ಕಣ್ಣು ಕಟ್ಟುತ್ತೆ, ತಳದಲ್ಲಿ ಗಷ್ಟು ನಿಲ್ಲುತ್ತೆ, ಕಹಿಯೂ ಜಾಸ್ತಿ. ಚಿಕೋರಿ ಇದ್ದರಂತೂ ತಣ್ಣೀರಲ್ಲೇ ಬಣ್ಣ ಬಿಟ್ಟು ಕಾಫಿ ರುಚಿಯನ್ನೇ ಮುಚ್ಚಿಬಿಡುತ್ತೆ.

ಮೈಸೂರಿನಲ್ಲಿ ಕಣ್ಣೆದುರೇ ಬೀಜ ಪುಡಿ ಮಾಡಿಕೊಡೋ ಅಂಗಡಿಗಳಿಗೆ ಬರವಿಲ್ಲ. ‘ಚಿಕೋರಿ ಬೇಡ, ಬನ್ಸಿ ರವೆಗಿಂತ ದಪ್ಪ ತರಿ ಇರಲಿ’ ಅಂತ ಕೇಳಿ. 100 ಗ್ರಾಂ ಪುಡಿಗೆ 800 ಮಿಲಿ ನೀರು. ಪುಡಿ ಮೇಲೆ ತೇಲಿ ಒಳಗೆ ಒಣ ಗಂಟು ಉಳಿಯುತ್ತೆ, ಚಮಚದಲ್ಲಿ ಒತ್ತಿ ಮುಳುಗಿಸಿ. ಬೋರ್‌ವೆಲ್ ನೀರು ಬೇಡ, ಗಡಸು ನೀರಲ್ಲಿ ರುಚಿ ಸಪ್ಪೆಯಾಗುತ್ತೆ. ಏಪ್ರಿಲ್ ಸೆಕೆಯಲ್ಲಿ ಹೊರಗಿಡಲೇಬೇಡಿ. ಮುಚ್ಚಿ ಫ್ರಿಜ್‌ನಲ್ಲಿ 16ರಿಂದ 18 ಗಂಟೆ ಇಡಿ.

ಮೊದಲು ಸ್ಟೀಲ್ ಜರಡಿ, ಆಮೇಲೆ ಒದ್ದೆ ಮಾಡಿದ ಪಂಚೆ ಬಟ್ಟೆ. ಬಟ್ಟೆ ಹಿಂಡಬೇಡಿ, ಹಿಂಡಿದರೆ ಸಣ್ಣ ಪುಡಿಯೆಲ್ಲ ಕೆಳಗಿಳಿದು ಒಗರು ಬರುತ್ತೆ. ತಾನಾಗೇ ತೊಟ್ಟಿಕ್ಕಲಿ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರು ಹೀರಿಕೊಳ್ಳೋದರಿಂದ ಕೈಗೆ ಸಿಗೋದು 600 ಮಿಲಿ ಅಷ್ಟೇ. ಕುಡಿಯೋವಾಗ ಮಾತ್ರ ಸಮಸಮ ತಣ್ಣೀರೋ, ಕಾಯಿಸಿ ಆರಿಸಿದ ಹಾಲೋ ಬೆರೆಸಿ. ಹಾಲು ಸೇರಿಸದ ಡಿಕಾಕ್ಷನ್ ಗಾಜಿನ ಬಾಟಲಿಯಲ್ಲಿ, ಫ್ರಿಜ್‌ನಲ್ಲಿ ಒಂದು ವಾರ ಚೆನ್ನಾಗಿರುತ್ತೆ.