ಏಲಕ್ಕಿ ಹಾರ ಮತ್ತು ವಿಪುಲ ಅವಕಾಶಗಳು

ಹಾವೇರಿಯ ಕಲ್ಯಾಣ ಮಂಟಪವೊಂದರಲ್ಲಿ ಕಳೆದ ವಾರ ನಡೆದ ಜೀವವಿಜ್ಞಾನ ವಿದ್ಯಾರ್ಥಿಗಳ ಉಚಿತ ಮಾರ್ಗದರ್ಶನ ಶಿಬಿರದ ವರದಿಯನ್ನು, ವೇದಿಕೆಯ ತುಂಬ ಕುಳಿತ ಗಣ್ಯರ ಫೋಟೊ ಸಮೇತ, ಎಲ್ಲರೂ ಓದಿಯೇ ಇರುತ್ತೀರಿ. ಜೀವವಿಜ್ಞಾನ ಓದಿದವರಿಗೆ ವಿಪುಲ ಅವಕಾಶಗಳಿವೆ ಎಂದು ಉದ್ಘಾಟಕರು ಸಾರಿದರು. ಹೌದು, ವಿಪುಲವಾಗಿಯೇ ಇವೆ ಎಂದು ಅಧ್ಯಕ್ಷರು ಅನುಮೋದಿಸಿದರು. ಅವು ಯಾವುವೆಂದು ಹೇಳುವ ಸಣ್ಣ ಕೆಲಸ ಕೊನೆಯ ಭಾಷಣಕಾರರ ಪಾಲಿಗೆ ಉಳಿದಿತ್ತು. ಅವರು ಸಮಯದ ಅಭಾವದಿಂದ ಶಾಮಿಯಾನದವರಿಗೂ ಧ್ವನಿವರ್ಧಕದವರಿಗೂ ವಂದಿಸಿ ಮುಗಿಸಿದರು.

ಅಂದು ಸಭೆಯಲ್ಲಿ ಕಾಣಸಿಕ್ಕ ಏಕೈಕ ಸಸ್ಯಶಾಸ್ತ್ರವೆಂದರೆ ಅತಿಥಿಗಳ ಕೊರಳಲ್ಲಿದ್ದ ಏಲಕ್ಕಿ ಹಾರ. ಏಲಕ್ಕಿಯು ಶುಂಠಿ, ಅರಿಸಿನಗಳ ಕುಟುಂಬಕ್ಕೆ ಸೇರಿದ ಗಿಡ. ಮಲೆನಾಡಿನ ನೆರಳು ಮತ್ತು ತೇವವನ್ನು ಬೇಡುವ ಅದಕ್ಕೆ ಹಾವೇರಿಯ ಬಯಲು ಒಗ್ಗುವುದಿಲ್ಲ. ತನ್ನ ಹೊಲದಲ್ಲಿ ಬೆಳೆಯದ ಕಾಯಿಯಿಂದ ನಾಡಿನಾದ್ಯಂತ ಹೆಸರು ಗಳಿಸಿದ ಊರಿದು ಎಂಬುದನ್ನು ಮೆಚ್ಚಲೇಬೇಕು. ಮಾರ್ಗದರ್ಶಕರೂ ಅದೇ ಹಾದಿ ಹಿಡಿದಂತಿದೆ, ಆದರೆ ಹಾರ ಕಟ್ಟುವವರು ಕನಿಷ್ಠಪಕ್ಷ ನಿಜವಾದ ಏಲಕ್ಕಿಯನ್ನು ಪೋಣಿಸುತ್ತಾರೆ.

ಅದೇ ಜಿಲ್ಲೆಯ ರಾಣೆಬೆನ್ನೂರಿನ ಸುತ್ತಮುತ್ತ ಹೆಣ್ಣುಮಕ್ಕಳು ಮೊಗ್ಗಿನ ಕೇಸರಗಳನ್ನು ಬೆರಳಿನಿಂದ ಬಿಡಿಸಿ ತೆಗೆದು, ಮರುದಿನ ಬೆಳಗ್ಗೆ ಬೇರೊಂದು ತಳಿಯ ಪರಾಗವನ್ನು ಸವರಿ ಹೈಬ್ರಿಡ್ ಬೀಜ ತಯಾರಿಸುತ್ತಾರೆ. ಇದಕ್ಕೆ ಬೇಕಾದ ವಿಜ್ಞಾನ ಹೊರಗಿನಿಂದ ಬಂದದ್ದೇನೂ ಅಲ್ಲ. 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿಸಿಎಚ್-32 ಎಂಬ ಹೈಬ್ರಿಡ್ ಹತ್ತಿಗಳು ಹೊರಬಂದದ್ದು ಧಾರವಾಡದಿಂದಲೇ. ಬ್ಯಾಡಗಿ ಮೆಣಸಿನಕಾಯಿಯಿಂದ ಬಣ್ಣದ ಸತ್ವ ತೆಗೆಯುವುದು ಒಂದು ಉದ್ಯಮವೇ ಆಗಿದೆ. ಗದಗ ಜಿಲ್ಲೆಯ ಮಾಗಡಿ ಕೆರೆ, ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಹೆಬ್ಬಾತುಗಳ ದೆಸೆಯಿಂದ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದೆ. ಇವೆಲ್ಲವೂ ಜೀವವಿಜ್ಞಾನವೆಂದು ವೇದಿಕೆಯಲ್ಲಿ ಯಾರೂ ಹೇಳಲಿಲ್ಲ. ಹೇಳುವುದಾದರೂ ಹೇಗೆ, ಇವುಗಳಲ್ಲಿ ಮ್ಯಾನೇಜ್‌ಮೆಂಟ್ ಕೋಟಾ ಇಲ್ಲವಲ್ಲ!

ದೊರೆತ ಮಾರ್ಗದರ್ಶನವನ್ನು ಬೇಗ ಹೇಳಿ ಮುಗಿಸಬಹುದು. ಪಿಯುಸಿಯವರು ಇನ್ನೊಮ್ಮೆ ನೀಟ್ ಬರೆಯಬೇಕು, ಮತ್ತೊಮ್ಮೆಯೂ ಬರೆಯಬಹುದು. ಪದವಿ ಮುಗಿಸಿದವರು ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗಳಿಗೆ ಕೂರಬೇಕು. ಆರು ಸೆಮಿಸ್ಟರ್ ಕಪ್ಪೆ, ಜಿರಳೆಗಳ ಒಳರಚನೆಯನ್ನು ಬಿಡಿಸಿದವರಿಗೆ ಭಾರತದ ಸಂವಿಧಾನದ ಅನುಸೂಚಿಗಳು ಕಷ್ಟವಾಗಲಾರವು ಎಂಬ ಭರವಸೆಯನ್ನೂ ನೀಡಲಾಯಿತು. ಸವಣೂರು ಕಡೆಯ ಹುಡುಗಿಯೊಬ್ಬಳು ಎದ್ದು, "ಸರ, ನಾನು ಸಂಶೋಧನೆ ಮಾಡಬೇಕಂತೀನ್ರಿ, ಮುಂದ ಯಾವ ಪರೀಕ್ಷೆ ಬರೀಬೇಕ್ರಿ?" ಎಂದಾಗ ಊಟಕ್ಕೆ ತಡವಾಗುತ್ತಿದೆಯೆಂದು ನಿರೂಪಕರು ನೆನಪಿಸಿದರು.

ಅವಳಿಗೆ ಹೇಳಬೇಕಾದದ್ದು ಐದು ನಿಮಿಷದ ಮಾತು. ಅಂತಿಮ ವರ್ಷದವರು ದಸರೆಯ ಆಸುಪಾಸಿನಲ್ಲೇ ಜಾಮ್ ಪರೀಕ್ಷೆಗೆ ಅರ್ಜಿ ಹಾಕಬೇಕು. ಫೆಬ್ರುವರಿಯಲ್ಲಿ ನಡೆಯುವ ಆ ಪರೀಕ್ಷೆಯಿಂದ ಐಐಟಿಗಳ ಎಂ.ಎಸ್ಸಿಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿಗೂ ದಾರಿಯಿದೆ. ಕೇಂದ್ರದ ನೆರವಿನ ಬಯೊಟೆಕ್ನಾಲಜಿ ಎಂ.ಎಸ್ಸಿಗಳಿಗೆ ಗ್ಯಾಟ್-ಬಿ ಎಂಬ ಪ್ರವೇಶ ಪರೀಕ್ಷೆ ಇದೆ. ಆಮೇಲೆ ಸಂಶೋಧನೆಗೆ ಅರ್ಹತೆ ಕೊಡುವ 200 ಅಂಕಗಳ ಸಿಎಸ್‌ಐಆರ್ ನೆಟ್ ಪರೀಕ್ಷೆ. ಅದರಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ದಕ್ಕಿದರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅಂದರೆ ಮನೆಯವರಲ್ಲಿ ಕೈಚಾಚದೆ ಪಿಎಚ್.ಡಿ ಮಾಡಬಹುದು. ಇಷ್ಟನ್ನು ಹೇಳಲು ಕಲ್ಯಾಣ ಮಂಟಪವೂ ಬೇಕಿಲ್ಲ, ಹಾರವೂ ಬೇಕಿಲ್ಲ.

ನಗುವುದು ಇಲ್ಲಿಗೆ ಸಾಕಾಗುತ್ತದೆ. 2021ರಲ್ಲಿ ದೇಶದಲ್ಲೇ ಮೊದಲಿಗರಾಗಿ ನಾಲ್ಕು ವರ್ಷದ ಆನರ್ಸ್ ಪದವಿ ತಂದೆವೆಂದು ಬೆನ್ನು ತಟ್ಟಿಕೊಂಡ ರಾಜ್ಯವೇ 2024ರ ಮೇ ತಿಂಗಳಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಅದರ ಮುಂದಿನ ತಿಂಗಳು ಸಿಎಸ್‌ಐಆರ್ ನೆಟ್ ಇನ್ನು ನಾಲ್ಕೇ ದಿನ ಇರುವಾಗ ಮುಂದಕ್ಕೆ ಹೋಯಿತು. ಪ್ರಯೋಗಾಲಯದಲ್ಲಿ ಒಂದು ಇಲಿಗೆ ಸೂಜಿ ಚುಚ್ಚಬೇಕಾದರೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಈ ಮಕ್ಕಳ ಮೇಲಿನ ಪ್ರಯೋಗಕ್ಕೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ. ಸಾಲ ಮಾಡಿ ಓದಿಸುವ ತಂದೆತಾಯಿಗಳಿಗೆ ಇದರ ಲೆಕ್ಕ ಕೊಡುವವರೂ ಇಲ್ಲ.

ಶಿಬಿರ ನಿಷ್ಫಲವಾಯಿತೆಂದು ಮಾತ್ರ ಯಾರೂ ಹೇಳುವಂತಿಲ್ಲ. ಬಾಗಿಲಲ್ಲಿ ಹೆಸರು, ಮೊಬೈಲ್ ಸಂಖ್ಯೆ ಬರೆದುಕೊಟ್ಟ ಎಲ್ಲರಿಗೂ ಮರುದಿನದಿಂದಲೇ ಯಾವ ಯಾವುದೋ ಕಾಲೇಜುಗಳ ಕರೆಗಳು ಬರತೊಡಗಿವೆ. ಅವರು ಅಂಕಗಳನ್ನಾಗಲಿ ಆಸಕ್ತಿಯನ್ನಾಗಲಿ ವಿಚಾರಿಸುವುದಿಲ್ಲ, ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ತಂದಿಯವರದು ಹೊಲ ಎಷ್ಟ್ ಎಕರೆ ಐತ್ರಿ?"