ಗಿಟಾರಿನ ಆಕಾರ ಯಾರ ಸ್ವತ್ತು?

ನಾನಿರುವ ಅಮೆರಿಕದ ನ್ಯಾಶ್‌ವಿಲ್ ಗಿಟಾರ್ ತಯಾರಿಸುವ ಗಿಬ್ಸನ್ ಕಂಪನಿಯ ಊರು. ಗಿಟಾರಿನ ಒಡಲಿನ ಆಕಾರಕ್ಕೆ ಒಡೆತನ ಸಲ್ಲುತ್ತದೆಯೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದ್ದೂ ಇಲ್ಲಿಯೇ. 1952ರಲ್ಲಿ ಬಂದ ಲೆಸ್ ಪಾಲ್ ಮಾದರಿಯ ಆಕಾರಕ್ಕೆ ಗಿಬ್ಸನ್ ಟ್ರೇಡ್‌ಮಾರ್ಕ್ ಪಡೆದದ್ದು 1993ರಲ್ಲಿ. ಪಾಲ್ ರೀಡ್ ಸ್ಮಿತ್ ಕಂಪನಿ ಅದನ್ನು ಹೋಲುವ ಸಿಂಗಲ್‌ಕಟ್ ಗಿಟಾರನ್ನು 2000ದಲ್ಲಿ ತಂದಾಗ ಗಿಬ್ಸನ್ ದಾವೆ ಹೂಡಿತು. 2004ರಲ್ಲಿ ಸಿಕ್ಕ ತಡೆಯಾಜ್ಞೆಯನ್ನು ಮರುವರ್ಷವೇ ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತು. ಅಂಗಡಿಯಲ್ಲಿ ಕೊಳ್ಳುವವರು ಮೋಸಹೋಗುವುದಿಲ್ಲವೆಂದು ಗಿಬ್ಸನ್ನೇ ಒಪ್ಪಿಕೊಂಡಿತ್ತು. ಆದರೆ ಹೊಗೆ ತುಂಬಿದ ಬಾರಿನಲ್ಲಿ ದೂರದಿಂದ ಕಂಡವರಿಗೆ ವೇದಿಕೆಯ ಮೇಲಿರುವುದು ಗಿಬ್ಸನ್ ಎಂದೇ ತೋರಬಹುದೆಂಬುದು ಅದರ ವಾದವಾಗಿತ್ತು, ಅದನ್ನು ನ್ಯಾಯಾಧೀಶರು ಒಪ್ಪಲಿಲ್ಲ. ಸಂಗೀತ ಕಚೇರಿಯ ಕೊನೆಯ ಸಾಲಿನಲ್ಲಿ ಕುಳಿತವನಿಗೆ ಎಲ್ಲ ವೀಣೆಗಳೂ ಒಂದೇ ಅಲ್ಲವೇ!

ವೀಣೆಯ ಮಾತು ಸುಮ್ಮನೆ ಬಂದದ್ದಲ್ಲ. ಕೊಡ, ದಂಡಿ, ವ್ಯಾಳಿಯ ಮುಖ, 24 ಮೆಟ್ಟುಗಳು ಇವು ಯಾವ ಕುಶಲಕರ್ಮಿಯ ಖಾಸಗಿ ಆಸ್ತಿಯೂ ಅಲ್ಲ. ತಯಾರಕನನ್ನು ಗುರುತಿಸುವುದು ಅವನ ಹೆಸರಿನಿಂದ, ನಾದದಿಂದ. ನಮ್ಮ ಕಾನೂನು ಕೊಟ್ಟಿರುವ ಭೌಗೋಳಿಕ ಸೂಚಕದ ರಕ್ಷಣೆಯೂ ಚನ್ನಪಟ್ಟಣದ ಗೊಂಬೆ, ತಂಜಾವೂರಿನ ವೀಣೆ ಎಂದು ಊರಿನ ಹೆಸರಿಗೆ ಅಂಟಿಕೊಂಡಿರುವುದೇ ಹೊರತು ಒಬ್ಬ ವ್ಯಾಪಾರಿಗಲ್ಲ. ಇದರಲ್ಲಿ ಕೊರತೆಯೂ ಇದೆ: ಹೊಸ ಮಾದರಿಯೊಂದನ್ನು ಸ್ವಂತ ಬುದ್ಧಿಯಿಂದ ರೂಪಿಸಿದ ಬಡಗಿಗೆ ಅದರಿಂದ ಬಿಡಿಗಾಸೂ ದಕ್ಕುವುದಿಲ್ಲ. ಆದ್ದರಿಂದ ಗಿಬ್ಸನ್ನಿನ ಕೋಪ ನನಗೆ ಅರ್ಥವಾಗುತ್ತದೆ. ಅರ್ಥವಾಗದಿರುವುದು ಅದರ ವಿಳಂಬ.

ಇಂಗ್ಲಿಷಿನ V ಅಕ್ಷರದ ಆಕಾರದ ಗಿಬ್ಸನ್ ಗಿಟಾರು ಫ್ಲೈಯಿಂಗ್ ವಿ ಹುಟ್ಟಿದ್ದು 1958ರಲ್ಲಿ. ಡೀನ್ ಹೆಸರಿನ ಗಿಟಾರುಗಳು ಅದೇ ವಿ ಆಕಾರದಲ್ಲಿ 1970ರ ದಶಕದ ಕೊನೆಯಿಂದ ಮಾರಾಟವಾಗುತ್ತಿದ್ದರೂ ಗಿಬ್ಸನ್ ಟೆಕ್ಸಾಸಿನಲ್ಲಿ ದಾವೆ ಹೂಡಿದ್ದು 2019ರಲ್ಲಿ. ಅದೇ ವರ್ಷ ಐರೋಪ್ಯ ಒಕ್ಕೂಟದ ನ್ಯಾಯಾಲಯವು ಈ ಆಕಾರಕ್ಕೆ ಟ್ರೇಡ್‌ಮಾರ್ಕಿಗೆ ಬೇಕಾದ ವಿಶಿಷ್ಟತೆ ಇಲ್ಲವೆಂದು ಹೇಳಿತು. ಟೆಕ್ಸಾಸಿನ ಜ್ಯೂರಿ ಮಾತ್ರ 2022ರಲ್ಲಿ ಗಿಬ್ಸನ್ ಪರ ತೀರ್ಪಿತ್ತಿತು. ಇತರರು ದಶಕಗಳಿಂದ ಇಂಥ ಆಕಾರಗಳನ್ನು ಬಳಸಿದ್ದರ ಸಾಕ್ಷ್ಯವನ್ನು ಜ್ಯೂರಿಯ ಮುಂದೆ ಬರದಂತೆ ತಡೆದದ್ದು ತಪ್ಪೆಂದು ಮೇಲ್ಮನವಿ ನ್ಯಾಯಾಲಯ 2024ರಲ್ಲಿ ಮರುವಿಚಾರಣೆಗೆ ಆದೇಶಿಸಿತು. 2025ರಲ್ಲಿ ಎರಡನೆಯ ಜ್ಯೂರಿಯೂ ಬಹುಮಟ್ಟಿಗೆ ಗಿಬ್ಸನ್ನನ್ನೇ ಬೆಂಬಲಿಸಿತು. ನನಗೆ ಈ ತೀರ್ಪು ಒಪ್ಪಿಗೆಯಿಲ್ಲ. ಬೇಲಿ ಹಾಕದೆ ನಲವತ್ತು ವರ್ಷ ಊರವರೆಲ್ಲ ನಡೆದಾಡಿದ ದಾರಿಗೆ ಈಗ ಬೀಗ ಜಡಿದಂತಾಯಿತು.

ಇನ್ನೊಂದು ಗಿಟಾರ್ ಕಂಪನಿಯಾದ ಫೆಂಡರಿನ ಪ್ರಕರಣದಲ್ಲಿ ಇದೇ ಅಮೆರಿಕ ಬೇರೆ ದಾರಿ ಹಿಡಿದಿತ್ತು. 1954ರ ಸ್ಟ್ರಾಟೋಕಾಸ್ಟರ್, ಜೊತೆಗೆ ಟೆಲಿಕಾಸ್ಟರ್, ಪ್ರಿಸಿಷನ್ ಬಾಸ್ ಎಂಬ ತನ್ನ ಮಾದರಿಗಳ ಒಡಲಿಗೆ ಟ್ರೇಡ್‌ಮಾರ್ಕ್ ಬೇಡಿದ ಫೆಂಡರ್ 2009ರಲ್ಲಿ ಬರಿಗೈಯಲ್ಲಿ ಮರಳಿತು. ಅಷ್ಟು ಕಾಲ ಅಷ್ಟೊಂದು ಜನ ತಯಾರಿಸಿದ ಆಕಾರ ಒಂದೇ ಕಂಪನಿಯ ಗುರುತಾಗಿ ಉಳಿಯದೆಂದು ಟ್ರೇಡ್‌ಮಾರ್ಕ್ ಮಂಡಳಿ ಹೇಳಿತು. ಗಿಟಾರಿನ ತಲೆಯ ಮೇಲಿನ ಹೆಸರು ಬೇರೆಯ ಮಾತು. ಗಿಬ್ಸನ್ ಎಂದು ಬರೆದು ಮಾರುವ ನಕಲಿ ಸರಕನ್ನು ಬಂದರಿನಲ್ಲೇ ಮುಟ್ಟುಗೋಲು ಹಾಕಿಕೊಂಡರೆ ನನ್ನ ತಕರಾರಿಲ್ಲ, ಏಕೆಂದರೆ ಅಲ್ಲಿ ಮೋಸಹೋಗುವವನು ಹಣ ಕೊಟ್ಟು ಕೊಂಡವನು. ಡೀನ್ ಕಂಪನಿಯಾದರೋ ತನ್ನ ಗಿಟಾರಿನ ತಲೆಯ ಮೇಲೆ ತನ್ನ ಹೆಸರನ್ನೇ ಬರೆದಿತ್ತು.