ಹಳದಿ ಮುಖದ ಸಂತನೂ ನನ್ನ ಡೈರಿಯೂ

ಡೈರಿಯಲ್ಲಿ ತಾರೀಖುಗಳನ್ನು ನಾನು ಕನ್ನಡ ಅಂಕಿಯಲ್ಲೇ ಬರೆಯುವುದು. ಆ ಅಭಿಮಾನ ಕೈಕೊಟ್ಟಿದ್ದು ಇಟಲಿಯ ನೇಪಲ್ಸ್‌ನಲ್ಲಿ. ಅಲ್ಲಿನ ಕೆಥೆಡ್ರಲ್ ಬಗ್ಗೆ ಎಲ್ಲೋ ಓದಿ ‘೧೯-೯, ರಕ್ತ ಕರಗುವ ದಿನ’ ಎಂದು ಗೀಚಿಟ್ಟಿದ್ದೆ. ಟಿಕೆಟ್ ಮಾಡಿಸುವಾಗ ಆ ೯ ನನ್ನ ಕಣ್ಣಿಗೆ ೬ ಆಗಿ ಕಂಡಿತು. ಬಾಲ ಯಾವ ಕಡೆ ತಿರುಗಿದೆ ಅಂತ ಯಾರು ನೋಡ್ತಾರೆ? ಸೆಪ್ಟೆಂಬರ್ 19ಕ್ಕೆ ಹೋಗಬೇಕಾದವರು ಜೂನ್ 19ಕ್ಕೆ ಹೋಗಿ ನಿಂತೆವು.

ಬಾಗಿಲಲ್ಲೇ ಮೊದಲ ವಿಘ್ನ. ಸೆಕೆ ಅಂತ ನಾನು ಚಡ್ಡಿಯಲ್ಲಿದ್ದೆ. ಅಲ್ಲಿದ್ದವನು ನನ್ನ ಮೊಣಕಾಲು ತೋರಿಸಿ ಬೆರಳಾಡಿಸಿದ. ಹೆಂಡತಿ ಉಸಿರುಬಿಟ್ಟು ತನ್ನ ನಿಂಬೆಹಳದಿ ವೇಲು ಕೊಟ್ಟಳು. ಲುಂಗಿ ಸುತ್ತಿ ಬೆಳೆದವನಿಗೆ ಅದೇನು ಮಹಾ ಅಂದುಕೊಂಡು ಸುತ್ತಿಕೊಂಡೆ. ನುಣುಪು ಬಟ್ಟೆ ಗಂಟು ಹಿಡಿಯಲ್ಲ ಅನ್ನೋದು ಒಳಗೆ ಹೋದ ಮೇಲೆ ಗೊತ್ತಾಯಿತು.

“ರೀ, ರಕ್ತ ಎಲ್ಲಿ?” ಅಂದಳು. ಕೈಪುಸ್ತಕ ತೆಗೆದೆ. ಊರಿನ ಸಂತ ಜೆನ್ನಾರೊ, ಬೆನೆವೆಂತೊದ ಬಿಷಪ್. ಕ್ರಿ.ಶ. 305ರಲ್ಲಿ ಅವರ ತಲೆ ಕಡಿದಿದ್ದರು. ಅವರ ರಕ್ತ ಅಂತ ಹೇಳುವ ಗಟ್ಟಿ ಪದಾರ್ಥ ಗಾಜಿನ ಸೀಸೆಯಲ್ಲಿದೆ. ವರ್ಷಕ್ಕೆ ಮೂರು ಸಲ ಹೊರಗೆ ತರುತ್ತಾರೆ: ಮೇ ತಿಂಗಳ ಮೊದಲ ಭಾನುವಾರದ ಹಿಂದಿನ ಶನಿವಾರ, ಸೆಪ್ಟೆಂಬರ್ 19, ಡಿಸೆಂಬರ್ 16. ಕರಗಿದರೆ ಊರಿಗೆ ಒಳ್ಳೆಯದು, ಕರಗದಿದ್ದರೆ ಕೇಡು. ಜೂನ್ ತಿಂಗಳ ಸುದ್ದಿಯೇ ಇರಲಿಲ್ಲ. ಡೈರಿಯನ್ನು ಮೆಲ್ಲಗೆ ಬ್ಯಾಗಿನ ತಳಕ್ಕೆ ತಳ್ಳಿದೆ.

ಅವಳ ಗಮನ ತಿರುಗಿಸಲು ಪಕ್ಕದ ಚಾಪೆಲ್‌ನ ಕತೆ ಓದಿದೆ. 1527ರಲ್ಲಿ ಪ್ಲೇಗು, ಯುದ್ಧದಿಂದ ಬೇಸತ್ತ ಊರಿನವರು ನೋಟರಿಯನ್ನು ಕರೆಸಿ ಸಂತನ ಜೊತೆ ಕರಾರುಪತ್ರ ಮಾಡಿಕೊಂಡರಂತೆ. ನೀನು ನಮ್ಮನ್ನು ಕಾಪಾಡು, ನಿನಗೆ ಚಾಪೆಲ್ ಕಟ್ಟಿಸುತ್ತೇವೆ. ಇನ್ನೊಂದು ಪಾರ್ಟಿ ತೀರಿಹೋಗಿ 1,200 ವರ್ಷ ದಾಟಿತ್ತು, ಅದು ಯಾರಿಗೂ ಅಡ್ಡಿ ಅನ್ನಿಸಲಿಲ್ಲ. ಕೆಲಸ ಶುರುವಾಗಿದ್ದು 1608ರಲ್ಲಿ. ನಮ್ಮೂರ ಫ್ಲೈಓವರ್ ನೆನಪಾಗಿ ನನಗಂತೂ ಬಹಳ ಸಮಾಧಾನವಾಯಿತು.

ಅಷ್ಟರಲ್ಲಿ ವೇಲು ಜಾರಿತು. ಅರ್ಧ ಮೊಣಕಾಲಿನವರೆಗೆ ಇಳಿದಿದ್ದನ್ನು ಒಂದು ಕೈಯಲ್ಲಿ, ಪುಸ್ತಕವನ್ನು ಇನ್ನೊಂದರಲ್ಲಿ ಹಿಡಿದು ಒದ್ದಾಡುತ್ತಿದ್ದೆ. ಬೆಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎದ್ದು ಬಂದರು. ತಮ್ಮ ರವಿಕೆಯ ಒಳಗಿನಿಂದ ಪಿನ್ನೊಂದನ್ನು ತೆಗೆದು, ತುಟಿಯಲ್ಲಿ ಕಚ್ಚಿಕೊಂಡು, ಬಟ್ಟೆ ಎಳೆದು ನೆರಿಗೆ ಹಾಕಿ ಚುಚ್ಚಿದರು. ಪಿನ್ನು ಬಾಯಿಂದ ಬಿಟ್ಟ ಕ್ಷಣದಿಂದ ಬೈಗುಳ. ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಹಬ್ಬದ ದಿನ ಸ್ನಾನ ಮಾಡದೆ ಅಡುಗೆಮನೆಗೆ ನುಗ್ಗಿದಾಗ ನಮ್ಮಜ್ಜಿ ಬೈಯುತ್ತಿದ್ದ ರಾಗವೇ.

ಇವರು ನನ್ನನ್ನು ಬೈದಿದ್ದು ದೊಡ್ಡದಲ್ಲ, ಸಂತನನ್ನೇ ಬಿಡೋದಿಲ್ಲ ಈ ಊರಿನ ಅಜ್ಜಿಯರು. ರಕ್ತ ಕರಗುವುದು ತಡವಾದರೆ ಮುಂದಿನ ಸಾಲಿನಿಂದ “ಲೋ ಹಳದಿ ಮುಖದವನೇ” ಅಂತ ಗದರುವುದು ಹಳೆಯ ಪದ್ಧತಿ. ಸಂತನ ಎದೆಮಟ್ಟದ ಮೂರ್ತಿಗೆ ಚಿನ್ನದ ಲೇಪ, ಅದಕ್ಕೇ ಹಳದಿ. ಇನ್ನೂ ಮಜಾ ಅಂದರೆ, 1799ರಲ್ಲಿ ಫ್ರೆಂಚ್ ಸೇನೆ ಊರು ಹಿಡಿದಾಗಲೂ ರಕ್ತ ಕರಗಿಬಿಟ್ಟಿತು. ಶತ್ರುಗಳ ಕಡೆ ಸೇರಿದನಲ್ಲ ಅಂತ ಜನ ಜೆನ್ನಾರೊನನ್ನು ಇಳಿಸಿ, ಸಂತ ಅಂತೋಣಿಯನ್ನು ಊರ ರಕ್ಷಕ ಮಾಡಿದರು. ಕೆಲವು ವರ್ಷಗಳ ಮೇಲೆ ಮತ್ತೆ ಕರೆದು ಕೂರಿಸಿದರು. ಸಸ್ಪೆನ್ಷನ್, ಮರುನೇಮಕ, ಎಲ್ಲಾ ಆಯಿತು. ಎದುರಿಗೇ ಬೈಯುವಷ್ಟು ಸಲಿಗೆ ಎಲ್ಲಾ ದೇವರ ಜೊತೆ ಬರಲ್ಲ ಅಲ್ವಾ?

ಹೊರಗೆ ಕಾಫಿ ಕುಡಿಯುವಾಗ ಹೆಂಡತಿ ಬ್ಯಾಗಿನ ತಳದಿಂದ ಡೈರಿ ಹೊರಗೆಳೆದಳು. ಆ ಪುಟವನ್ನು ಒಂದು ನಿಮಿಷ ನೋಡಿದಳು. ನನ್ನ ಸೊಂಟದ ವೇಲನ್ನೂ ನೋಡಿದಳು.

“ಏನ್ರೀ ಹಳದಿ ಸೊಂಟದವರೇ, ಡಿಸೆಂಬರ್ 16 ಅಂದ್ರಲ್ಲ, ಬರ್ಕೊಳ್ಳಿ,” ಅಂದಳು. ಪೆನ್ನು ತೆರೆದೆ. ಕೈಯಿಂದ ಅದನ್ನು ಕಸಿದುಕೊಂಡು ತಾನೇ ಬರೆದಳು: ಹದಿನಾರು. ಅಕ್ಷರದಲ್ಲಿ.